ಬೂಟು ಬಿಚ್ಚುವ ಬಟನ್ನು

ಮೊಣಕಾಲು ಸರಿಯಾಗಿರುವ ತನಕ ಯಾರೂ ಮೊಣಕಾಲಿನ ಬಗ್ಗೆ ಯೋಚನೆ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ. ಅವರೆ ಹೊಲದಲ್ಲಿ ದಿನವೆಲ್ಲ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತ ಕಾಲು ಇದು, ಸಾಯುವ ತನಕ ಹೇಳಿದ ಹಾಗೆ ಕೇಳುತ್ತದೆ ಅಂದುಕೊಂಡಿದ್ದೆ. ಈಗ ಸೋಫಾದಿಂದ ಏಳಬೇಕಾದರೆ ಮೊದಲು ಬಲಗಾಲನ್ನು ಕೇಳಬೇಕು, ಆಮೇಲೆ ಎಡಗಾಲನ್ನು ಕೇಳಬೇಕು, ಎರಡೂ ಒಪ್ಪಿದ ಮೇಲೆ ಗೋಡೆ ಹಿಡಿದುಕೊಳ್ಳಬೇಕು. ಇಂಥ ನಾನು ಹೋದ ವರ್ಷ ಮೂರು ತಿಂಗಳು ಗೋಡೆಯಿಂದ ಗೋಡೆಗೆ ನೆಗೆದಿದ್ದೇನೆ, ಕಂಬದಿಂದ ಕಂಬಕ್ಕೆ ಹಾರಿದ್ದೇನೆ, ಹಗ್ಗ ಹಿಡಿದು ಜೋತಾಡಿಕೊಂಡು ಕಮರಿ ದಾಟಿದ್ದೇನೆ. ಎಲ್ಲ ಸೋಫಾದಲ್ಲಿ ಕೂತುಕೊಂಡೇ. ಅದರಿಂದ ಒಬ್ಬರಿಗೂ ಉಪಕಾರವಾಗಲಿಲ್ಲ. ಒಬ್ಬ ಹುಡುಗಿಗೆ ಕೆಡುಕಾಯಿತು. ಅದನ್ನು ಹೇಳೋಣ ಅಂತ ಕೂತಿದ್ದೇನೆ.

ನಮ್ಮದು ಪಟ್ಟಂದೂರು ಅಗ್ರಹಾರ. ಕೆಳಗಿನ ಮನೆಯಲ್ಲಿ ನಾನು, ಮಗ, ಸೊಸೆ ಮಂಜುಳಾ ಇದ್ದೇವೆ. ಮೇಲಿನ ಮೂರು ಅಂತಸ್ತು ಬಾಡಿಗೆಗೆ. ಪಕ್ಕದಲ್ಲಿ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು ಎದ್ದ ಮೇಲೆ ನಮ್ಮ ಮನೆಗೆ ಬಿಸಿಲು ಬರುವುದು ನಿಂತುಹೋಗಿದೆ. ಹಪ್ಪಳ ಒಣಗುವುದಿಲ್ಲ, ಮೆಣಸಿನಕಾಯಿ ಬೂಷ್ಟು ಹಿಡಿಯುತ್ತದೆ, ಹಗಲು ಹನ್ನೊಂದು ಗಂಟೆಗೂ ಟ್ಯೂಬ್‌ಲೈಟು ಹಾಕಿಕೊಂಡು ಕೂರಬೇಕು. ಮೊದಲನೇ ಅಂತಸ್ತಿನಲ್ಲಿ ಶಿವಲೀಲಾ ಅಂತ ಒಂದು ಹುಡುಗಿ ಇದ್ದಳು. ಗದಗದ ಕಡೆಯವಳು, ಕೊರಳಲ್ಲಿ ಲಿಂಗದ ಕರಡಿಗೆ ಕಟ್ಟಿಕೊಂಡವಳು, ನಾವೆಲ್ಲ ಲೀಲಾ ಅನ್ನುತ್ತಿದ್ದೆವು. ಮೂರು ವರ್ಷದಿಂದ ಇದ್ದಳು. ಬೆಳಗ್ಗೆ ಟ್ಯಾಗು ನೇತುಹಾಕಿಕೊಂಡು ಐಟಿ ಪಾರ್ಕಿಗೆ ನಡೆದುಕೊಂಡು ಹೋಗುತ್ತಿದ್ದಳು, ಸಾಯಂಕಾಲ ಬರುತ್ತಿದ್ದಳು. ಎಲ್ಲರ ಹಾಗೆ ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಅಂದುಕೊಂಡು ನಾನು ಕೇಳಿರಲೂ ಇಲ್ಲ. ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕಿದಾಗ ಕೇಳಿದೆ.

"ಅಲ್ಲಿ ಏನವ್ವ ಮಾಡ್ತೀಯ?"

"ಆಟ ಮಾಡ್ತೇನ್ರಿ ಅಜ್ಜಿ. ವಿಡಿಯೋ ಗೇಮ್."

"ಆಟ ಆಡೋಕೆ ಸಂಬಳ ಕೊಡ್ತಾರಾ?"

"ಆಡೂದಲ್ರಿ, ಮಾಡೂದು. ನಾವು ಮಾಡಿದ್ದನ್ನ ಮಂದಿ ಆಡ್ತಾರ."

"ಅಂಗಂದ್ರೆ ಊರವರ ಮಕ್ಳು ಆಳಾಗೋದಕ್ಕೆ ನೀನು ಬೆಳಗ್ಗೆ ಎದ್ದು ಓಗ್ತೀಯ."

"ಹಂಗೂ ಅನ್ನಬಹುದ್ರಿ," ಅಂದಳು. ನಗಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಅದು ನನಗೆ ಇಷ್ಟವಾಯಿತು. ನನ್ನ ಮಾತಿಗೆ ಮುಖ ಊದಿಸಿಕೊಳ್ಳದವರು ನಮ್ಮ ಮನೆಯಲ್ಲಿ ಕಡಿಮೆ.

ಆಮೇಲೆ ಒಂದು ಶನಿವಾರ ಅವಳೇ ಕೆಳಗೆ ಬಂದು, ಚಾಪೆಯ ಮೇಲೆ ಕೂತು, ವಿಷಯ ಹೇಳಿದಳು. ಆ ಆಟ ದೊಡ್ಡದಂತೆ, ಹತ್ತಾರು ಊರಿನಲ್ಲಿ ಹತ್ತಾರು ಜನ ಒಂದೊಂದು ತುಂಡು ಮಾಡುತ್ತಾರಂತೆ. ಇವಳೂ ಇನ್ನು ನಾಲ್ಕು ಜನವೂ ಸೇರಿ ಎರಡು ವರ್ಷದಿಂದ ಮಾಡಿದ್ದು ಒಂದು ತುಂಡು. ಬೆಟ್ಟದ ಮೇಲಿನ ಹಾಳು ಕೋಟೆ. ಒಬ್ಬ ಹುಡುಗಿ ಬುಡದಿಂದ ಹತ್ತುತ್ತಾ, ಹಾರುತ್ತಾ, ತುದಿಯ ಬಾಗಿಲು ಮುಟ್ಟಬೇಕು. ಆ ತುಂಡನ್ನು ಆಟದಲ್ಲಿ ಇಟ್ಟುಕೊಳ್ಳುವುದೋ ಕಿತ್ತು ಬಿಸಾಕುವುದೋ ಅಂತ ಮೇಲಿನವರು ತೀರ್ಮಾನ ಮಾಡುವವರಿದ್ದರು. ಅವರ ಷರತ್ತು ಏನೆಂದರೆ, ಇಂಥದ್ದನ್ನು ಹುಟ್ಟಿದಾಗಿನಿಂದ ಮುಟ್ಟದ, ಅರವತ್ತು ದಾಟಿದ ಒಬ್ಬರನ್ನು ಹುಡುಕಬೇಕು, ಮನೆಯಲ್ಲೇ ಕಲಿಸಬೇಕು, ಕೊನೆಗೆ ಆಫೀಸಿಗೆ ಕರೆತಂದು ಒಬ್ಬರನ್ನೇ ಕೂರಿಸಬೇಕು. ಅವರು ಯಾರ ಸಹಾಯವೂ ಇಲ್ಲದೆ ಬಾಗಿಲು ಮುಟ್ಟಿದರೆ ತುಂಡು ಉಳಿಯುತ್ತದೆ. ಇಲ್ಲದಿದ್ದರೆ ಆ ಐದು ಜನರನ್ನೂ ಬೇರೆ ಬೇರೆ ಕಡೆ ಎತ್ತಿ ಹಾಕುತ್ತಾರೆ.

"ಅದಕ್ಕೆ ನಾನೇ ಯಾಕವ್ವ ಸಿಕ್ಕಿದೆ?"

"ಭಾಳ ಹುಡುಕಿದೆ ರೀ ಅಜ್ಜಿ. ನಿಮ್ಮಷ್ಟು ಏನೂ ಗೊತ್ತಿಲ್ಲದವರು ಯಾರೂ ಸಿಗಲಿಲ್ಲ."

ಇದನ್ನು ಅವಳು ಮರ್ಯಾದೆಯಿಂದಲೇ ಹೇಳಿದಳು. ನಾನೂ ಮರ್ಯಾದೆಯಿಂದಲೇ ಒಪ್ಪಿಕೊಂಡೆ. ಮಾಡುವುದಕ್ಕೆ ಬೇರೆ ಕೆಲಸವೂ ಇರಲಿಲ್ಲ. ಮಧ್ಯಾಹ್ನದ ಧಾರಾವಾಹಿಯಲ್ಲಿ ಒಬ್ಬಳು ಆಸ್ಪತ್ರೆಯ ಹಾಸಿಗೆ ಹಿಡಿದು ಐದು ತಿಂಗಳಾಗಿತ್ತು. ಅವಳು ಸಾಯುವುದೂ ಇಲ್ಲ, ಎದ್ದು ಮನೆಗೆ ಹೋಗುವುದೂ ಇಲ್ಲ.

ಲೀಲಾ ಮೇಲಿನಿಂದ ಒಂದು ಕರಿ ಪೆಟ್ಟಿಗೆ ತಂದು ನಮ್ಮ ಟಿವಿಗೆ ವೈರು ಸಿಕ್ಕಿಸಿದಳು. ಕೈಗೆ ಒಂದು ರಿಮೋಟು ಕೊಟ್ಟಳು. ಟಿವಿ ರಿಮೋಟಿನ ಹಾಗಿಲ್ಲ, ಎರಡೂ ಕಡೆ ಹಿಡಿ ಇದೆ, ಕೈತುಂಬ ಬಟನ್ನು. ಎಡ ಹೆಬ್ಬೆರಳಲ್ಲಿ ಅಣಬೆಯಂಥ ಒಂದು ಗುಬುಟನ್ನು ತಳ್ಳಿದರೆ ಹುಡುಗಿ ನಡೆಯುತ್ತಾಳೆ. ಬಲ ಹೆಬ್ಬೆರಳಲ್ಲಿ ಒತ್ತಿದರೆ ನೆಗೆಯುತ್ತಾಳೆ. ತೋರುಬೆರಳಲ್ಲಿ ಒತ್ತಿ ಹಿಡಿದರೆ ಕಲ್ಲಿನ ಅಂಚನ್ನು ಹಿಡಿದು ನೇತಾಡುತ್ತಾಳೆ, ಬಿಟ್ಟರೆ ಬಿಡುತ್ತಾಳೆ. ನಾನು ಮೊದಲನೇ ದಿನ ತಳ್ಳಿದೆ, ಹುಡುಗಿ ನೆಟ್ಟಗೆ ನಡೆದುಹೋಗಿ ಕಮರಿಗೆ ಬಿದ್ದಳು. ಮತ್ತೆ ಅದೇ ಜಾಗದಲ್ಲಿ ನಿಂತಿದ್ದಳು. ಮತ್ತೆ ತಳ್ಳಿದೆ, ಮತ್ತೆ ಬಿದ್ದಳು. "ನಿಲ್ಲಸ್ರಿ ಅಜ್ಜಿ, ಹೆಬ್ಬೆರಳು ತೆಗೀರಿ," ಅಂತ ಲೀಲಾ ಹೇಳುವಷ್ಟರಲ್ಲಿ ಇನ್ನೊಂದು ಸಲ ಬಿದ್ದಳು. ಆ ಹೊತ್ತು ಕಾಫಿ ಕುಡಿಯುವಷ್ಟರಲ್ಲಿ ಇಪ್ಪತ್ತು ಸಲವಾದರೂ ಕೊಂದಿರಬೇಕು.

ಒಂದು ವಿಷಯ ಮಾತ್ರ ನನಗೆ ಸರಿಬರಲಿಲ್ಲ. ಆ ಹುಡುಗಿಗೆ ಊಟವಿಲ್ಲ, ನೀರಿಲ್ಲ, ಕೂದಲು ಕಟ್ಟುವುದಿಲ್ಲ. ಅಷ್ಟು ಎತ್ತರ ಹತ್ತುವವಳು ಹೆಗಲಿಗೆ ಒಂದು ಬುತ್ತಿ ಕಟ್ಟಿಕೊಂಡಿಲ್ಲ.

"ಇವಳಿಗೆ ಅಲ್ಲೇನು ಕೆಲಸ?" ಅಂತ ಕೇಳಿದೆ.

"ಅವರಪ್ಪ ಕಳೆದು ಹೋಗ್ಯಾನ್ರಿ. ಹುಡುಕಾಕ ಹೊಂಟಾಳ."

"ಅವರಪ್ಪ ಆ ಆಳು ಕೋಟೆಗೆ ಯಾಕೆ ಓದ?"

"ಅದು ಮುಂದ ಗೊತ್ತಾಗ್ತೈತ್ರಿ."

"ಫೋನ್ ಮಾಡಿ ಕೇಳೋಕಾಗಲ್ವಾ?"

ಲೀಲಾ ಅದನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡಳು. ಅವಳು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಎಲ್ಲಿ ಬಿದ್ದೆ, ಎಷ್ಟು ಹೊತ್ತು ಸುಮ್ಮನೆ ನಿಂತೆ, ಯಾವಾಗ ಬೈದೆ. ನನ್ನ ಬೈಗುಳ ಬರೆಯಬೇಕಾದರೆ ಮಾತ್ರ ಸ್ವಲ್ಪ ತಡವರಿಸುತ್ತಿದ್ದಳು. ಕೆಲವು ಮಾತು ಅವರ ಕಡೆ ಇಲ್ಲವಂತೆ.

ಶನಿವಾರ, ಭಾನುವಾರ ಊಟವಾದ ಮೇಲೆ ಕೂರುವುದು ಅಭ್ಯಾಸವಾಯಿತು. ನಾನು ಆಡುವುದು ಬೆರಳಲ್ಲಿ ಅಂತ ಬೆರಳಿಗೆ ಗೊತ್ತು, ಮಿಕ್ಕ ಮೈಗೆ ಗೊತ್ತಿಲ್ಲ. ಹುಡುಗಿ ಎಡಕ್ಕೆ ಹಾರಿದರೆ ನಾನು ಸೋಫಾದಲ್ಲಿ ಎಡಕ್ಕೆ ವಾಲುತ್ತಿದ್ದೆ. ಅವಳು ಅಂಚು ಹಿಡಿದು ಮೇಲಕ್ಕೆ ಏಳುವಾಗ ನನ್ನ ಕಾಲು ತಾನಾಗಿ ಮೇಲಕ್ಕೆ ಏಳುತ್ತಿತ್ತು. ಒಂದು ದಿನ ಹಾಗೇ ಎದ್ದ ಕಾಲು ಟೀಪಾಯಿಗೆ ತಗುಲಿ ಮಜ್ಜಿಗೆ ಚೊಂಬು ಉರುಳಿತು. ಮಂಜುಳಾ ನೆಲ ಒರೆಸುತ್ತಾ, "ಅತ್ತೆ, ದೇವಸ್ಥಾನಕ್ಕೆ ಬನ್ನಿ ಅಂದ್ರೆ ಮೂರು ಮೆಟ್ಲು ಅತ್ತಾಕಾಗಲ್ಲ ಅಂತೀರ. ಇಲ್ಲಿ ನೋಡಿದ್ರೆ ಬೆಟ್ಟ ಅತ್ತುತಾ ಇದ್ದೀರ," ಅಂದಳು. "ಅಲ್ಲಿ ಬಿದ್ರೆ ಆಸ್ಪತ್ರೆ, ಇಲ್ಲಿ ಬಿದ್ರೆ ಬಟನ್ನು," ಅಂದೆ. ಅವಳು ಒರೆಸುವ ಬಟ್ಟೆಯನ್ನು ಬೇಕೆಂದೇ ನನ್ನ ಕಾಲ ಹತ್ತಿರ ಜೋರಾಗಿ ಹಿಂಡಿದಳು.

ಆ ಮಾತು ಹೇಳಿದ ಮೇಲೆ ಸ್ವಲ್ಪ ಹೊತ್ತು ನನಗೆ ಆಡಲಾಗಲಿಲ್ಲ. ನಮ್ಮ ಯಜಮಾನರು ಬಿದ್ದು ಸತ್ತವರು. ಈ ಮನೆಯನ್ನೇ ಕಟ್ಟಿಸುವಾಗ, ಎರಡನೇ ಅಂತಸ್ತಿನ ಚಾವಣಿಗೆ ಮೋಲ್ಡು ಹಾಕಿದ ಮಾರನೇ ದಿನ, ಬೆಳಗ್ಗೆ ನೀರು ಕಟ್ಟುವುದಕ್ಕೆ ಅಂತ ಪೈಪು ಹಿಡಿದು ಹೋದರು. ಹಿಂದಕ್ಕೆ ಹೆಜ್ಜೆ ಇಡುತ್ತಾ ಇಡುತ್ತಾ ನೀರು ಬಿಡುತ್ತಿದ್ದರು. ಹಿಂದೆ ಮೋಲ್ಡು ಮುಗಿದುಹೋಗಿದ್ದನ್ನು ನೋಡಲಿಲ್ಲ. ಅವರು ಒಂದೇ ಸಲ ಬಿದ್ದರು. ಪೈಪಿನಲ್ಲಿ ನೀರು ಹಾಗೇ ಹರಿಯುತ್ತಿತ್ತು, ನಾನೇ ಹೋಗಿ ಮೋಟರು ಆಫ್ ಮಾಡಿದೆ. ಆಮೇಲೆ ಮನೆ ಮುಗಿಸಿದೆವು, ಬಾಡಿಗೆಗೆ ಕೊಟ್ಟೆವು, ಜನ ಬಂದು ಆ ಮೋಲ್ಡಿನ ಕೆಳಗೆ ಹಾಲುಕ್ಕಿಸಿದರು. ಈ ಹುಡುಗಿ ಬಿದ್ದಾಗಲೆಲ್ಲ ಪರದೆ ಒಂದು ಗಳಿಗೆ ಕಪ್ಪಾಗುತ್ತದೆ, ಆಮೇಲೆ ಎದ್ದು ನಿಂತು ಕೈಯ ಮಣ್ಣು ಕೊಡವಿಕೊಳ್ಳುತ್ತಾಳೆ. ಅವಳು ಕೊಡವಿಕೊಳ್ಳುವುದನ್ನು ನೋಡಿದರೆ ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅದೂ ಅಭ್ಯಾಸವಾಯಿತು.

ಎರಡನೇ ತಿಂಗಳಿಗೆ ನನ್ನ ಕೈ ಕುದುರಿತು. ಆದರೆ ಒಂದು ಎತ್ತರದ ಗೋಡೆ ಮಾತ್ರ ಬಗೆಹರಿಯಲಿಲ್ಲ. ಕಲ್ಲೆಲ್ಲ ಒಂದೇ ಬಣ್ಣ, ಹಿಡಿಯುವ ಕಲ್ಲು ಯಾವುದು, ಬರೀ ಗೋಡೆ ಯಾವುದು ಗೊತ್ತಾಗುವುದಿಲ್ಲ. ಪೊರೆ ತೆಗೆಸಿದ ಕಣ್ಣು ನನ್ನದು. "ನೋಡವ್ವ, ಕೆರೆ ಅತ್ರ ಕೊಕ್ಕರೆ ಕೂರೋ ಬಂಡೆ ದೂರದಿಂದಾನೇ ಗೊತ್ತಾಗುತ್ತೆ, ಮೇಲೆಲ್ಲ ಇಕ್ಕೆ ಆಕಿ ಬೆಳ್ಳಗೆ ಮಾಡಿರ್ತವೆ. ನಿನ್ನ ಕೋಟೇಲಿ ಒಂದು ಅಕ್ಕಿನೂ ಇಲ್ವಾ?" ಅಂದೆ. ಅವಳು ಬರೆದುಕೊಂಡಳು. ಮುಂದಿನ ಶನಿವಾರ ನೋಡಿದರೆ ಹಿಡಿಯಬೇಕಾದ ಕಲ್ಲಿನ ಮೇಲೆಲ್ಲ ಬೆಳ್ಳಗೆ ಹಕ್ಕಿ ಹಿಕ್ಕೆ. ನಾಲ್ಕೇ ಏಟಿಗೆ ಗೋಡೆ ಹತ್ತಿಬಿಟ್ಟೆ. ಆಫೀಸಿನಲ್ಲಿ ಎಲ್ಲರಿಗೂ ಅದು ಹಿಡಿಸಿತಂತೆ. ಕಂಪನಿ ಮಾಡುವ ಆಟದಲ್ಲಿ ನಾನು ಹೇಳಿದ ಹಿಕ್ಕೆ ಇದೆ ಅಂತ ನಾನು ಹಾಲಿನವನಿಗೂ ಹೇಳಿದೆ, ಮೇಲಿನ ಬಾಡಿಗೆ ಮನೆಯ ಪಾರ್ವತಿಗೂ ಹೇಳಿದೆ. ಯಾರೂ ಬಾಯಿ ಬಿಟ್ಟು ಹೊಗಳಲಿಲ್ಲ.

ಆಫೀಸಿಗೆ ಹೋಗುವ ಹಿಂದಿನ ಭಾನುವಾರ ಲೀಲಾ ಹೇಳಿದಳು, "ಕೊನೀಗೆ ಇನ್ನೊಂದು ಐತ್ರಿ ಅಜ್ಜಿ. ಇನ್ನೂ ಮುಗಿದಿಲ್ಲ ಅಂತ ನಿಮಗ ತೋರ್ಸಿಲ್ಲ. ಕಷ್ಟ ಇಲ್ಲ, ಹತ್ತಿ ಹಾರಿದ್ರ ಬಾಗಲಾ ಸಿಗ್ತೈತಿ. ಆದ್ರ ಅದನ್ನ ನೋಡಿದ್ರ ನಿಮಗ ಖುಷಿ ಆಗ್ತೈತಿ."

"ಏನವ್ವ ಅದು?"

"ಹೇಳಂಗಿಲ್ರಿ. ಅಲ್ಲೇ ನೋಡ್ರಿ."

ಹೋಗಬೇಕಾದ ದಿನ ಮೋಡ ಮುಚ್ಚಿಕೊಂಡಿತ್ತು. ನಡೆದರೆ ಹತ್ತು ನಿಮಿಷ, ನನ್ನ ಕಾಲಿಗಾಗಿ ಆಟೋ ಮಾಡಿದಳು. ಗೇಟಿನಲ್ಲಿ ನನ್ನ ಎಲೆ ಅಡಿಕೆ ಚೀಲ ತೆಗೆದಿಟ್ಟುಕೊಂಡರು, ಕೊರಳಿಗೆ ಟ್ಯಾಗು ಹಾಕಿದರು. ಆ ಕಟ್ಟಡದ ಲಿಫ್ಟು ಇರುವ ಕಡೆ ನಮ್ಮ ಅವರೆ ಹೊಲ ಇತ್ತು. ಲಿಫ್ಟಿನಲ್ಲಿ ನಿಂತು ಲೀಲಾಗೆ ಹಾಗಂತ ಹೇಳಿದೆ. ಅವಳಿಗೆ ಕೇಳಿಸಲಿಲ್ಲ, ಲಿಫ್ಟಿನ ನಂಬರನ್ನೇ ನೋಡುತ್ತಿದ್ದಳು. ಮೇಲೆ ಒಂದು ರೂಮು, ಒಂದು ಕಡೆ ಗೋಡೆಯ ಬದಲು ಗಾಜು. ಗಾಜಿನ ಆಚೆ ಲೀಲಾನೂ ಅವಳ ನಾಲ್ಕು ಜನವೂ. ಮಾಡಿದವರು ಬಾಯಿ ಬಿಡಬಾರದು, ಕೈಸನ್ನೆ ಕೂಡದು ಅಂತ ನಿಯಮ. ಈಚೆ ನಾನು, ದೊಡ್ಡ ಟಿವಿ, ಲ್ಯಾಪ್‌ಟಾಪ್ ಹಿಡಿದ ಮೂರು ಜನ, ಅವರ ಮೇಲಿನವನು ಒಬ್ಬ ಗಡ್ಡದವನು. "ಆರಾಮಾಗಿ ಆಡಿ ಅಮ್ಮ. ಮನಸ್ಸಿಗೆ ಏನು ಅನ್ಸುತ್ತೋ ಅದನ್ನ ಜೋರಾಗಿ ಹೇಳ್ತಾ ಇರಿ, ನಾವು ನೋಟ್ ಮಾಡ್ಕೋತೀವಿ," ಅಂದ.

ನಾನು ಚೆನ್ನಾಗಿಯೇ ಆಡಿದೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಕಮರಿಯನ್ನು ಒಂದೇ ಸಲಕ್ಕೆ ದಾಟಿದೆ. ಕಂಬದ ಸಾಲಿನಲ್ಲಿ ಎರಡು ಸಲ ಮಾತ್ರ ಸತ್ತೆ. ಹಿಕ್ಕೆ ಗೋಡೆಯನ್ನು ಮಾತಾಡಿಕೊಂಡೇ ಹತ್ತಿದೆ. ತಿರುವು ದಾಟಿದೆ, ಮುಂದೆ ಬಯಲು, ಬಯಲಿನ ನಡುವೆ ಗೋಪುರದಷ್ಟು ಎತ್ತರಕ್ಕೆ ಒಂದು ಮೂರ್ತಿ. ಒಂದು ಕೈಯಲ್ಲಿ ಎತ್ತಿದ ಕತ್ತಿ, ಸೊಂಟದಲ್ಲಿ ಕಠಾರಿ, ದೊಡ್ಡದಾಗಿ ಬಿಟ್ಟ ಕಣ್ಣು. ಹಣೆಯ ಮೇಲೆ ಅಂಗೈ ಅಗಲದ ಕುಂಕುಮ, ಪಾದಕ್ಕೆ ಅರಿಶಿನ. ಅದರ ತಲೆಯಿಂದ ಆಚೆಗೆ ಒಂದು ನೆಗೆತ ದೂರದಲ್ಲಿ ಬಾಗಿಲು. ಮೂರ್ತಿಯ ಮಂಡಿಯ ಮೇಲೆ ಬೆಳ್ಳಗೆ ಹಿಕ್ಕೆ, ಭುಜದ ಮೇಲೆ ಹಿಕ್ಕೆ, ತಲೆಯ ಮೇಲೆ ಹಿಕ್ಕೆ. ಅಂದರೆ ಹತ್ತು ಅಂತ ಅರ್ಥ. ನನಗೆ ಚೆನ್ನಾಗಿಯೇ ಅರ್ಥವಾಯಿತು.

ನಾನು ಹೆಬ್ಬೆರಳು ತೆಗೆದೆ. ಹುಡುಗಿ ದೇವರ ಮುಂದೆ ಬೂಟು ಹಾಕಿಕೊಂಡು ನಿಂತಿದ್ದಳು.

"ಬೂಟು ಬಿಚ್ಚೋ ಬಟನ್ನು ಯಾವುದಪ್ಪ?" ಅಂತ ಕೇಳಿದೆ.

ಗಡ್ಡದವನು ಪಕ್ಕದವನ ಮುಖ ನೋಡಿದ. "ಬೂಟು ಬಿಚ್ಚೋಕಾಗಲ್ಲ ಅಮ್ಮ."

"ಇಷ್ಟೊಂದು ಬಟನ್ನು ಇಟ್ಟಿದ್ದೀರ, ಅದಕ್ಕೊಂದು ಇಲ್ವಾ?"

"ಇಲ್ಲ ಅಮ್ಮ. ನೀವು ಹಾಗೇ ಮುಂದೆ ಹೋಗಬಹುದು."

ಹಾಗೇ ಹೋಗುವುದಕ್ಕೆ ನನಗೆ ಆಗಲಿಲ್ಲ. ಬೇರೆ ದಾರಿ ಇರಬಹುದು ಅಂತ ಸುತ್ತಿದೆ. ಬಲಗಡೆಯಿಂದ ನೆಗೆದೆ, ಬಿದ್ದು ಸತ್ತಳು. ಎಡಗಡೆಯಿಂದ ನೆಗೆದೆ, ಸತ್ತಳು. ಹಿಂದಿನ ಗೋಡೆಯ ತುದಿಯಿಂದ ಓಡಿಬಂದು ಹಾರಿದೆ, ಬಾಗಿಲಿಗೆ ಒಂದು ಮಾರು ದೂರದಲ್ಲಿ ಕೈ ಚಾಚಿಕೊಂಡೇ ಬಿದ್ದಳು. ಎಷ್ಟು ಸಲ ಅಂತ ಎಣಿಸಲಿಲ್ಲ, ಲ್ಯಾಪ್‌ಟಾಪಿನವರು ಎಣಿಸಿದ್ದಾರೆ. ದೇವರನ್ನು ತುಳಿಯಬಾರದು ಅಂತ ಹುಡುಗಿಯನ್ನು ಸಾಯಿಸುತ್ತಲೇ ಇದ್ದೆ. ಗಾಜಿನ ಆಚೆ ಲೀಲಾ ನಿಂತಿದ್ದಳು. ಮೊದಲು ಕೈ ಕಟ್ಟಿಕೊಂಡಿದ್ದಳು. ಆಮೇಲೆ ಅಂಗೈಯನ್ನು ಗಾಜಿಗೆ ಆನಿಸಿದಳು. ಪಕ್ಕದವನು ಅವಳ ಕೈ ತೆಗೆಸಿದ, ಅದು ಸನ್ನೆ ಆಗುತ್ತದಂತೆ.

ಮುಕ್ಕಾಲು ಗಂಟೆ ಆದ ಮೇಲೆ ಗಡ್ಡದವನು ಕುರ್ಚಿ ಹತ್ತಿರ ಎಳೆದುಕೊಂಡ. "ಅಮ್ಮ, ದಾರಿ ಕಾಣ್ತಾ ಇಲ್ವಾ?"

"ಕಾಣ್ತಾ ಐತಪ್ಪ. ಆದ್ರೆ ಅದರ ಮೇಲೆ ಅತ್ತಲ್ಲ."

"ಯಾಕೆ?"

ಅಲ್ಲಿಂದ ನನ್ನ ಬಾಯಿ ಶುರುವಾಯಿತು. ದೇವರ ಮಂಡಿಯ ಮೇಲೆ ಬೂಟುಗಾಲು ಇಡುವುದು ಹೇಗೆ ಅಂದೆ. ಅದು ದೇವರಲ್ಲ, ಯಾರೋ ಯೋಧನ ಪ್ರತಿಮೆ ಅಂದ ಅವನು. ಕುಂಕುಮ ಇಟ್ಟ ಮೇಲೆ ಯೋಧ ಯಾವನು, ದೇವರು ಯಾವನು ಅಂದೆ. ಮೂರು ಜನವೂ ಟಪಟಪನೆ ಬರೆದುಕೊಂಡರು. ನಾನು ನಿಲ್ಲಿಸಿದರೆ ಅವರ ಬೆರಳೂ ನಿಲ್ಲುತ್ತಿತ್ತು, ಶುರು ಮಾಡಿದರೆ ಶುರುವಾಗುತ್ತಿತ್ತು. ರಿಮೋಟಿನ ಹುಡುಗಿಯೂ ಅಷ್ಟು ಚೆನ್ನಾಗಿ ನನ್ನ ಮಾತು ಕೇಳಿರಲಿಲ್ಲ. ನಮ್ಮ ಕಡೆ ಹೊಲದ ದೇವರ ಕಲ್ಲಿಗೆ ನೆರಳು ಬಿದ್ದರೂ ಸರಿದು ನಿಲ್ಲುತ್ತಿದ್ದೆವು ಅಂದೆ. ಅದು ಸುಳ್ಳು, ಆ ನೆರಳಿನಲ್ಲಿ ಕೂತೇ ಮುದ್ದೆ ತಿನ್ನುತ್ತಿದ್ದೆವು. ಹಕ್ಕಿ ಹಿಕ್ಕೆಯನ್ನು ದೇವರ ತಲೆಯ ಮೇಲೆ ಹಾಕಿದ್ದೀರಲ್ಲ ಅಂದೆ. ಹಿಕ್ಕೆ ನನ್ನದೇ ಅಂತ ಹೇಳಲಿಲ್ಲ. ಕೊನೆಗೆ, "ಇದನ್ನ ಇಂಗೇ ಬಿಟ್ರೆ ನಾಳೆ ಜನ ಬಂದು ನಿಮ್ಮ ಈ ಗಾಜೆಲ್ಲ ಒಡೀತಾರೆ, ನೋಡ್ಕೊಳ್ಳಿ," ಅಂದೆ. ಯಾವ ಜನ, ಯಾಕೆ ಒಡೆಯುತ್ತಾರೆ, ನನಗೇನೂ ಗೊತ್ತಿರಲಿಲ್ಲ. ಮಾತಿಗೊಂದು ಭಾರ ಇರಲಿ ಅಂತ ಹೇಳಿದ್ದು. ಗಡ್ಡದವನು ಮಾತ್ರ ಬರೆದುಕೊಳ್ಳಲಿಲ್ಲ. ಫೋನು ತೆಗೆದುಕೊಂಡು ಹೊರಗೆ ಹೋದ.

ನನಗೆ ಊಟ ಹಾಕಿದರು, ಕಂಪನಿಯ ಹೆಸರಿರುವ ಒಂದು ನೀರಿನ ಬಾಟಲಿ ಕೊಟ್ಟರು. ಆಟೋದಲ್ಲಿ ಬರುವಾಗ ಲೀಲಾ ಆಚೆಗೆ ನೋಡುತ್ತಾ ಕೂತಿದ್ದಳು. "ಅಂಗೆ ಮಾಡಬಾರ್ದವ್ವ, ದೇವರ ವಿಷಯ," ಅಂದೆ. "ಹೌದ್ರಿ ಅಜ್ಜಿ," ಅಂದಳು.

ನಾಲ್ಕನೇ ದಿನಕ್ಕೆ ತೀರ್ಮಾನವಾಯಿತು. ಬಾಗಿಲು ಮುಟ್ಟಲಿಲ್ಲ ಎನ್ನುವುದನ್ನು ಅವರು ದೊಡ್ಡದು ಮಾಡಲಿಲ್ಲವಂತೆ, ಇನ್ನೊಂದು ಸಲ ನೋಡೋಣ ಅನ್ನುವವರೂ ಇದ್ದರಂತೆ. ಗಾಜು ಒಡೆಯುತ್ತಾರೆ ಎನ್ನುವ ಮಾತು ಮೇಲಕ್ಕೆ ಹೋಗಿ, ಅಲ್ಲಿಂದ ಇನ್ನೂ ಮೇಲಕ್ಕೆ ಹೋಗಿ, ಈ ದೇಶದ ಕೋಟೆಯೇ ಬೇಡ ಎಂದಾಯಿತು. ಮೂರ್ತಿ ಒಂದೇ ಅಲ್ಲ, ಕಮರಿ, ಕಂಬ, ಹಿಕ್ಕೆ ಗೋಡೆ, ಎಲ್ಲವನ್ನೂ ಕಿತ್ತರು. ಆ ಹುಡುಗಿ ಈಗ ಯಾವುದೋ ಹಿಮದ ಊರಿನಲ್ಲಿ ಅಪ್ಪನನ್ನು ಹುಡುಕುತ್ತಾಳಂತೆ. ಲೀಲಾಳ ಗುಂಪನ್ನು ಒಡೆದರು. ಅವಳನ್ನು ಹೈದರಾಬಾದಿನ ಆಫೀಸಿಗೆ ಹಾಕಿದರು, ಅಲ್ಲಿ ಮೊಬೈಲಿನಲ್ಲಿ ಆಡುವ ಇಸ್ಪೀಟಿನ ಎಲೆಗೆ ಬಣ್ಣ ಹಾಕುವ ಕೆಲಸ.

ಮನೆ ಖಾಲಿ ಮಾಡುವ ದಿನ ಅವಳು ಸಾಮಾನು ಕಟ್ಟಿಟ್ಟು ಕೆಳಗೆ ಬಂದಳು. ನಾನು ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ನಿಂತು ಸೋಪು ಹಚ್ಚಿ ಕಾಲು ಉಜ್ಜಿಕೊಳ್ಳುತ್ತಿದ್ದೆ. ನೀರಿನ ಸಂಪಿನ ಪಕ್ಕ, ಎರಡು ಸಾಲು ಇಟ್ಟಿಗೆಯ ಮೇಲೆ ಹಾಸಿದ ಕಲ್ಲು ಅದು. ಬಾಡಿಗೆಯವರಲ್ಲಿ ವಾಷಿಂಗ್ ಮಷೀನು ಇಲ್ಲದವರೆಲ್ಲ ಅಲ್ಲೇ ಒಗೆಯುವುದು, ಲೀಲಾನೂ ಅಲ್ಲೇ ಒಗೆಯುತ್ತಿದ್ದಳು. ಅವಳು ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಆ ಮೂರ್ತಿಯದೇ. ಆದರೆ ಸಣ್ಣದು, ಪಾಚಿ ಕಟ್ಟಿದ್ದು, ಕುಂಕುಮವಿಲ್ಲ.

"ಇದು ಯಾವುದಂತ ಗೊತ್ತೇನ್ರಿ ಅಜ್ಜಿ?"

"ಯಾವೂರ ದೇವರವ್ವ?"

"ನೀವು ನಿಂತೀರಲ್ರಿ, ಅದರ ಕೆಳಗಿಂದು. ಒಂದಿನ ಸಾಬೂನು ಜಾರಿ ಕಲ್ಲಿನ ಅಡೀಗೆ ಹೋಗಿತ್ತು. ಬ್ಯಾಟರಿ ಹಾಕಿ ಬಗ್ಗಿ ನೋಡಿದ್ರ ಇವ ಇದ್ದ. ವೀರಗಲ್ಲು ರಿ ಅದು. ಯಾವ ಕಾಲದಾಗೋ ಯುದ್ಧದಾಗ ಸತ್ತಾಂವ. ನಿಮ್ಮ ಮನೀದು, ನೀವು ಗುರ್ತು ಹಿಡೀತೀರಿ, ಖುಷಿ ಪಡ್ತೀರಿ ಅಂತ ದೊಡ್ಡದು ಮಾಡಿ ಅಲ್ಲಿ ನಿಲ್ಸಿದ್ದೆ."

"ಮತ್ತೆ ಕುಂಕುಮ?"

"ಅದನ್ನ ನಾನೇ ಇಟ್ಟೆ ರಿ. ಬರೇ ಕಲ್ಲು ಬೋಳು ಕಾಣ್ತಿತ್ತು. ನಿಮಗ ಚಲೋ ಅನಿಸ್ಲಿ ಅಂತ."

ಒಗೆಯುವ ಕಲ್ಲಿನ ಅಡಿಯಲ್ಲಿ ಇವನಿದ್ದಾನೆ ಅನ್ನುವುದು ನನಗೆ ಗೊತ್ತಿರಲಿಲ್ಲ ಅಂತ ಬರೆಯಬಹುದು, ಯಾರೂ ಬಂದು ಕೇಳುವುದಿಲ್ಲ. ಗೊತ್ತಿತ್ತು. ನಮ್ಮ ಮಾವನವರು ಹೊಲದ ಬದುವಿನಿಂದ ಆ ಕಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, ಕೆತ್ತಿದ ಮುಖ ಕೆಳಗೆ ಮಾಡಿ ಇಳಿಸಿದಾಗ ನಾನು ಅಲ್ಲೇ ನಿಂತಿದ್ದೆ. ಹೊಸ ಸೊಸೆ. ನುಣುಪಾದ ಮುಖ ಮೇಲೆ ಬಂತಲ್ಲ, ಒಗೆಯುವುದಕ್ಕೆ ಸಲೀಸಾಯಿತು ಅಂತ ಸಂತೋಷಪಟ್ಟವಳೂ ನಾನೇ. ಆಮೇಲೆ ಅದರ ಮೇಲೆ ನಿಂತು ಕಾಲು ಉಜ್ಜಿಕೊಂಡಿದ್ದೇನೆ, ಮಕ್ಕಳ ಹೇಲು ಬಟ್ಟೆ ಕುಕ್ಕಿದ್ದೇನೆ. ಕತ್ತಿ ಹಿಡಿದವನು ಅಡಿಯಲ್ಲಿ ಬಾಯಿ ಮುಚ್ಚಿಕೊಂಡು ಮಲಗಿದ್ದ. ಕುಂಕುಮ ಹಚ್ಚಿದರೆ ದೇವರು, ಸೋಪು ಹಚ್ಚಿದರೆ ಒಗೆಯುವ ಕಲ್ಲು. ನಮ್ಮ ಮನೆಯಲ್ಲಿ ಇಷ್ಟು ದಿನ ನಡೆದದ್ದು ಹೀಗೆ. ಆಫೀಸಿನಲ್ಲಿ ಆ ಒಂದು ಬೊಟ್ಟು ಇಲ್ಲದೇ ಇದ್ದಿದ್ದರೆ ನಾನು ಅವನ ಮಂಡಿ, ಭುಜ, ತಲೆ ಎಲ್ಲ ತುಳಿದುಕೊಂಡು ದಡದಡನೆ ಹತ್ತಿ ಬಾಗಿಲು ಮುಟ್ಟಿರುತ್ತಿದ್ದೆ.

ಇದನ್ನೆಲ್ಲ ಲೀಲಾಗೆ ಹೇಳಲಿಲ್ಲ. "ಓಗ್ಬಿಟ್ಟು ಬಾವ್ವ, ಅಲ್ಲಿ ಕಾರ ಜಾಸ್ತಿ ತಿಂತಾರೆ, ಒಟ್ಟೆ ನೋಡ್ಕೋ," ಅಂದೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಕಾಲು ಕಲ್ಲಿನ ಮೇಲೇ ಇತ್ತು, ಸೋಪಿನ ನೊರೆ ಅವಳ ಬೆರಳಿಗೆ ಅಂಟಿತು. ಒರೆಸಿಕೊಂಡು ಹೋದಳು.

ಮಂಜುಳಾ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಮಾರನೇ ಬೆಳಗ್ಗೆ ನೋಡಿದರೆ ಒಗೆಯುವ ಕಲ್ಲು ತೊಳೆದು, ಅರಿಶಿನ ಬಳಿದು, ನಡುವೆ ಕುಂಕುಮ ಇಟ್ಟು, ಎರಡು ದಾಸವಾಳ ಏರಿಸಿದ್ದಳು. ಇನ್ನು ಮೇಲೆ ಇಲ್ಲಿ ಯಾರೂ ಒಗೆಯುವಂತಿಲ್ಲ ಅಂದಳು. ಮೊದಲನೇ ದಿನ ಬಾಡಿಗೆಯವರು ಕೈಮುಗಿದರು. ಎರಡನೇ ದಿನ, "ಆಂಟಿ, ಬಕೆಟ್ಟಲ್ಲಿ ಬೆಡ್‌ಶೀಟು ಒಗೆಯೋಕಾಗಲ್ಲ," ಅಂದರು. ಮೂರನೇ ದಿನ ಪಾರ್ವತಿ ಸಂಪಿನ ಮುಚ್ಚಳದ ಮೇಲೆ ಒಗೆದು ಕೊಳೆ ನೀರೆಲ್ಲ ಸಂಪಿಗೆ ಇಳಿಸಿದಳು. ನಾಲ್ಕನೇ ದಿನ ನನ್ನದೇ ಎರಡು ಕಂಬಳಿ ನೆನೆದು ನಾರುತ್ತಿದ್ದವು. ಮಂಜುಳಾ ತರಕಾರಿಗೆ ಹೋದ ಹೊತ್ತು ನೋಡಿಕೊಂಡು ಹಿತ್ತಲಿಗೆ ಹೋದೆ. ಹೂವು ತೆಗೆದು ತುಳಸಿ ಬುಡಕ್ಕೆ ಹಾಕಿದೆ. ಒದ್ದೆ ಸೆರಗಿನಿಂದ ಕುಂಕುಮ ಒರೆಸಿದೆ, ಒಂದು ಚೊಂಬು ನೀರು ಹಾಕಿದೆ. ಅದು ಮತ್ತೆ ಕಲ್ಲಾಯಿತು. ಎರಡು ನಿಮಿಷವೂ ಹಿಡಿಯಲಿಲ್ಲ.

ಕಂಬಳಿ ಕುಕ್ಕುತ್ತಾ ಲೆಕ್ಕ ಹಾಕಿದೆ. ಆವತ್ತು ಆಫೀಸಿನಲ್ಲೂ ಇಷ್ಟೇ ಬೇಕಾಗಿದ್ದದ್ದು. "ಆ ಕುಂಕುಮ ಒರೆಸಿಬಿಡಪ್ಪ, ಅತ್ತುತೀನಿ," ಅಂದಿದ್ದರೆ ಸಾಕಾಗಿತ್ತು. ಲೀಲಾ ಗಾಜಿನ ಆಚೆ ನಿಂತಲ್ಲೇ ಒರೆಸಿರುತ್ತಿದ್ದಳು, ಕೋಟೆ ಉಳಿಯುತ್ತಿತ್ತು, ಅವಳು ಮೊದಲನೇ ಅಂತಸ್ತಿನಲ್ಲೇ ಇರುತ್ತಿದ್ದಳು. ಆ ಮಾತು ಆಗ ನನಗೆ ಹೊಳೆಯಲಿಲ್ಲ ಅಂತ ಮಂಜುಳಾಗೆ ಹೇಳಿದ್ದೇನೆ. ಹೊಳೆದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹಾಗಂದುಬಿಟ್ಟರೆ ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತು, ನನ್ನ ಮಾತನ್ನು ಮೂರು ಜನ ಬರೆದುಕೊಳ್ಳುತ್ತಾ ಕೂತಿದ್ದರು.